ಹಳೇ ರೇಡಿಯೊ, ಹೊಸ ಕಂಡೆನ್ಸರ್

ಶಂಕಗಿರಿ, ಸೇಲಂ ಕಡೆಯ ಎಷ್ಟೋ ದೇವಾಂಗ ಮನೆಗಳಲ್ಲಿ ಆಡುವ ಮಾತು ಕನ್ನಡ, ಓದು ಬರಹ ಮಾತ್ರ ತಮಿಳು. ಇಂಥ ಮನೆಗಳಿಗೆ ಹೊರಗಿನ ಕನ್ನಡ ತಂದುಕೊಟ್ಟದ್ದು ರೇಡಿಯೊ. 1955ರಲ್ಲಿ ಬೆಂಗಳೂರು ಆಕಾಶವಾಣಿ ಶುರುವಾಯಿತು. ಮೀಡಿಯಂ ವೇವ್ ಅಲೆಗಳಿಗೆ ರಾಜ್ಯದ ಗಡಿ ಎಲ್ಲಿ ಗೊತ್ತು!

ಅದಕ್ಕೇ ಯಾರಾದರೂ ಹಳೇ ವಾಲ್ವ್ ರೇಡಿಯೊ ಗುಜರಿಗೆ ಹಾಕುತ್ತೇವೆ ಎಂದರೆ ನಾವು "ಸ್ವಲ್ಪ ತಾಳಿ" ಎನ್ನುತ್ತೇವೆ. ಕೆಲವು ವರ್ಷಗಳ ಹಿಂದೆ ಶಂಕಗಿರಿಯ ಒಂದು ಮನೆಯಲ್ಲಿ ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಮುಂದೆ ಕೂತಿದ್ದೆವು. "ತಾತ ಕೇಳ್ತಿದ್ದ ರೇಡಿಯೊ ಸಾರ್, ಪ್ಲಗ್ ಹಾಕ್ಲಾ?" ಎಂದ ಮನೆಯ ಹುಡುಗ. ಜೊತೆಗಿದ್ದ ರಿಪೇರಿಯ ಹಿರಿಯರು ತಡೆದರು. "ಬೇಡಪ್ಪ, ಮೊದಲು ಕಂಡೆನ್ಸರ್ ನೋಡೋಣ."

ಅಂಗಡಿಯಲ್ಲಿ ಕಂಡೆನ್ಸರ್, ನಮ್ಮ ಪಠ್ಯದಲ್ಲಿ ಧಾರಕ. ವಿದ್ಯುದಂಶವನ್ನು ಹಿಡಿದಿಡುವ ಭಾಗ. ಹಳೇ ಸೆಟ್ಟಿನಲ್ಲಿ ಎರಡು ಜಾತಿಯವು ಕೆಡುತ್ತವೆ. ಒಂದು, ಡಬ್ಬಿಯಂಥ ಎಲೆಕ್ಟ್ರೋಲಿಟಿಕ್. ಒಳಗಿನ ದ್ರವ ಒಣಗಿದರೆ ಸ್ಪೀಕರ್ 'ಗುಂಯ್' ಎನ್ನುತ್ತದೆ. ಬಹಳ ಕಾಲ ಸುಮ್ಮನಿದ್ದುದಕ್ಕೆ ಒಮ್ಮೆಲೇ ಕರೆಂಟು ಕೊಟ್ಟರೆ ಬಿಸಿಯಾಗಿ ಸಿಡಿಯಲೂಬಹುದು. ಇನ್ನೊಂದು, ಮೇಣ ಮೆತ್ತಿದ ಕಾಗದದ್ದು. ಅದು ತೇವ ಹೀರಿ ಸೋರುತ್ತದೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಸೇರುವ ಕಂಡೆನ್ಸರ್ ಸೋರಿದರಂತೂ ವಾಲ್ವ್ ಮಿತಿಮೀರಿ ಕರೆಂಟು ಎಳೆದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಕೆಲವು ರೂಪಾಯಿಯ ಭಾಗ ಸಿಗಲಾರದ ಭಾಗವನ್ನು ಬಲಿ ತೆಗೆದುಕೊಳ್ಳುತ್ತದೆ ನೋಡಿ!

ಹಿರಿಯರು ಕಾಗದದವುಗಳ ಜಾಗಕ್ಕೆ 630 ವೋಲ್ಟಿನ ಪಾಲಿಯೆಸ್ಟರ್, ಡಬ್ಬಿಗಳ ಜಾಗಕ್ಕೆ ಅದೇ ಅಳತೆಯ 450 ವೋಲ್ಟಿನವು ಹಾಕಿದರು. ಒಂದನ್ನು ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಬೆಸೆದ ಮೇಲೆಯೇ ಮುಂದಿನದು. ಎಲೆಕ್ಟ್ರೋಲಿಟಿಕ್‌ಗೆ ಪ್ಲಸ್ ಮೈನಸ್ ತಪ್ಪಬಾರದು. ಅಭ್ರಕದವು ಸಾಮಾನ್ಯವಾಗಿ ಕೆಡುವುದಿಲ್ಲ, ಅವನ್ನು ಮುಟ್ಟಲಿಲ್ಲ. ಕೊನೆಗೆ ಸರಣಿಯಲ್ಲಿ 60 ವ್ಯಾಟಿನ ಹಳೇ ಬಲ್ಬು ಸೇರಿಸಿ ಕರೆಂಟು ಕೊಟ್ಟರು. ಬಲ್ಬು ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ. ಉರಿಯಲಿಲ್ಲ.

ವಾಲ್ವುಗಳು ಕೆಂಪಾದವು. ಮುಳ್ಳು 612 ಕಿಲೋಹರ್ಟ್ಸ್ ಹತ್ತಿರ ಬಂದಾಗ ಬೆಂಗಳೂರಿನ ಕನ್ನಡ ಕೇಳಿಸಿತು. ಒಳಗಿದ್ದ ಅಜ್ಜಿ ಹೊರಗೆ ಬಂದು, ಪದ್ಯ ಬರೆದುಕೊಳ್ಳಲು ತನಗೆ ಅಕ್ಷರ ಬರುತ್ತಿರಲಿಲ್ಲ, ಕೇಳಿ ಕೇಳಿಯೇ ಕಲಿತೆ ಎಂದರು. ಅವರ ಮೊಮ್ಮಗನಿಗೆ ಇದು ಹೊಸ ಸುದ್ದಿ.

ಶಿಕ್ಷಕ ಮಿತ್ರರೇ, ಈಚಿನ ವರ್ಷಗಳಲ್ಲಿ ದೇಶದ ಹಲವು ಮೀಡಿಯಂ ವೇವ್ ಪ್ರಸಾರಗಳು ನಿಂತಿವೆ. ರೇಡಿಯೊ ಉಳಿದು ಪ್ರಸಾರವೇ ನಿಂತೀತು. ಧಾರಕದ ಪಾಠಕ್ಕೆ ಇಂಥ ಸೆಟ್ಟೊಂದನ್ನು ತರಗತಿಗೆ ತನ್ನಿ. ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ಉಳಿದಿರುತ್ತದೆ, ಆದ್ದರಿಂದ ಬಲ್ಲವರು ಅದನ್ನು ಖಾಲಿ ಮಾಡುವವರೆಗೆ ಮಕ್ಕಳು ಕೈ ಹಾಕಬಾರದು. ಆಮೇಲೆ ಆ ಮನೆಯ ಅಜ್ಜಿಯನ್ನೂ ಕರೆಯಿರಿ. ಆಕೆ ಏನೇನು ಕೇಳುತ್ತಿದ್ದರು ಎಂಬುದನ್ನು ಮಕ್ಕಳು ಕನ್ನಡದಲ್ಲೇ ಬರೆದಿಡಲಿ.