ಸೇಂಟ್ ಆಂಡ್ರ್ಯೂಸಿನ ನಡುಪಟ್ಟಿ

ಸ್ಕಾಟ್ಲೆಂಡಿನ ಪೂರ್ವ ಕಡಲತೀರದ ಸೇಂಟ್ ಆಂಡ್ರ್ಯೂಸ್ ಪುರಾತನ ವಿದ್ಯಾಕ್ಷೇತ್ರ. ಅಲ್ಲಿಯ ವಿಶ್ವವಿದ್ಯಾಲಯ 1413ರಷ್ಟು ಹಳೆಯದು. ಆದರೂ ಲೋಕವು ಆ ಊರನ್ನು ಬಲ್ಲುದು ಗಾಲ್ಫ್ ಆಟದ ತವರೆಂದೇ. ಕಡಲಂಚಿನ ಹುಲ್ಲುಬಯಲಿನ ಬಳಿ ರಾಯಲ್ ಅಂಡ್ ಏನ್ಷಿಯಂಟ್ ಎಂಬ ಹಳೆಯ ಕ್ಲಬ್ಬಿನ ಕಟ್ಟಡವಿದೆ. ಅದರ ಸಮೀಪದಲ್ಲಿಯೇ 1990ರಲ್ಲಿ ತೆರೆದ ಗಾಲ್ಫ್ ವಸ್ತುಸಂಗ್ರಹಾಲಯವಿದೆ. ಆಟದ ಪರಿಚಯವಿಲ್ಲದ ನಾವು ಅದನ್ನು ಸಂದರ್ಶಿಸಿದುದು, ಕಳೆದ ಕಾಲದ ವಸ್ತುಗಳನ್ನು ಜನರು ಏತಕ್ಕಾಗಿ ಕಾಪಾಡುವರೆಂದು ತಿಳಿಯುವ ಕುತೂಹಲದಿಂದ.

ನಮ್ಮ ಗಮನವನ್ನು ಮೊದಲು ಸೆಳೆದುವು ಚರ್ಮದ ಚೀಲದೊಳಗೆ ಬೇಯಿಸಿದ ಹಕ್ಕಿಯ ಗರಿಗಳನ್ನು ಒತ್ತಿ ತುಂಬಿ ಹೊಲಿದ ಪುಟ್ಟ ಚೆಂಡುಗಳು. ನುರಿತ ಕುಶಲಿಯೂ ದಿನಕ್ಕೆ ಕೆಲವನ್ನಷ್ಟೇ ಮಾಡಬಲ್ಲವನಾಗಿದ್ದನು. ಅಂಥ ಕಾಯಕದಲ್ಲಿ ಪಳಗಿದವನು ಟಾಮ್ ಮಾರಿಸ್. ಶ್ರೀಮಂತರ ಆಟಕ್ಕೆ ಆಧಾರವಾದುದು ಬಡವರ ಬೆರಳುಗಳೆಂಬುದನ್ನು ಈ ಚೆಂಡುಗಳು ಮೌನವಾಗಿ ಸಾರುತ್ತವೆ.

'ಓಪನ್' ಎಂದು ಹೆಸರಾದ ಪಂದ್ಯಾವಳಿ ಆರಂಭವಾದುದು 1860ರ ಅಕ್ಟೋಬರ್ 17ರಂದು, ಪಶ್ಚಿಮ ತೀರದ ಪ್ರೆಸ್ಟ್‌ವಿಕ್ಕಿನಲ್ಲಿ. ಆಡಿದವರು 8 ಮಂದಿ. ವಿಲ್ಲಿ ಪಾರ್ಕ್ ಗೆದ್ದನು. ಟಾಮ್ ಮಾರಿಸ್ ಎರಡನೆಯವನಾದನು. ಗೆದ್ದವನಿಗೆ ದೊರೆಯುತ್ತಿದ್ದುದು ಕೆಂಪು ಚರ್ಮಕ್ಕೆ ಬೆಳ್ಳಿಯ ಅಲಂಕಾರವುಳ್ಳ ನಡುಪಟ್ಟಿ. ಒಂದು ವರ್ಷ ಇಟ್ಟುಕೊಂಡು ಹಿಂದಿರುಗಿಸಬೇಕು. ಸತತವಾಗಿ ಮೂರು ಸಲ ಗೆದ್ದವನಿಗೆ ಮಾತ್ರ ಅದು ಸ್ವಂತವಾಗುವುದೆಂಬ ನಿಯಮವಿತ್ತು.

ಟಾಮ್ ಮಾರಿಸನ ಮಗನ ಹೆಸರೂ ಟಾಮ್. ಈ ತರುಣನು 1868, 1869, 1870ರಲ್ಲಿ ಗೆದ್ದು ಪಟ್ಟಿಯನ್ನು ಮನೆಗೊಯ್ದನು. ಪರಿಣಾಮವೇನು? ಕೊಡಲು ಬಹುಮಾನವಿಲ್ಲದೆ 1871ರಲ್ಲಿ ಪಂದ್ಯವೇ ನಡೆಯಲಿಲ್ಲ! ಬಳಿಕ ಮೂರು ಕ್ಲಬ್ಬುಗಳು ತಲಾ 10 ಪೌಂಡು ಕೂಡಿಸಿ ಬೆಳ್ಳಿಯ ಹೂಜಿಯೊಂದನ್ನು ಮಾಡಿಸಿದುವು. 1872ರಲ್ಲಿ ಮತ್ತೆ ಗೆದ್ದ ತರುಣ ಟಾಮನ ಹೆಸರೇ ಅದರ ಮೇಲೆ ಮೊದಲು ಕೊರೆಯಲ್ಪಟ್ಟಿತು. ಆದರೆ ಹೂಜಿ ಸಿದ್ಧವಾದುದು ಮರುವರ್ಷ. 1928ರಿಂದ ಮೂಲ ಹೂಜಿಯನ್ನು ಕ್ಲಬ್ಬಿನಲ್ಲಿಯೇ ಉಳಿಸಿಕೊಂಡು, ಅದರ ಪ್ರತಿಯನ್ನು ವಿಜಯಿಗೆ ನೀಡಲಾಗುತ್ತಿದೆ. ಅದನ್ನೂ ಆತನು ಮುಂದಿನ ಪಂದ್ಯಕ್ಕೆ ಮರಳಿಸಲೇಬೇಕು.

ಊರಿನ ಇನ್ನೊಂದು ತುದಿಯಲ್ಲಿ ಪಾಳುಬಿದ್ದ ಮಹಾದೇವಾಲಯದ ಸ್ಮಶಾನವಿದೆ. ಅಲ್ಲಿ ತರುಣ ಟಾಮನ ಸಮಾಧಿ. ಹೆರಿಗೆಯಲ್ಲಿ ಮಡದಿಯನ್ನು ಕಳೆದುಕೊಂಡ ಕೆಲವೇ ತಿಂಗಳಲ್ಲಿ, 1875ರ ಡಿಸೆಂಬರ್ 25ರಂದು, ತನ್ನ 24ನೆಯ ವಯಸ್ಸಿನಲ್ಲಿ ಆತನು ತೀರಿಕೊಂಡನು. 60 ಗಾಲ್ಫ್ ಸಂಘಗಳು ನೆರವಿತ್ತು ನಿಲ್ಲಿಸಿದ ಶಿಲ್ಪದಲ್ಲಿ ಆತನು ಇಂದಿಗೂ ಚೆಂಡನ್ನು ಹೊಡೆಯಲು ಬಾಗಿ ನಿಂತಿದ್ದಾನೆ. ತಂದೆ ಮಗನಿಲ್ಲದೆ ಮೂವತ್ತೆರಡು ವರ್ಷಕ್ಕೂ ಮಿಕ್ಕಿ ಬದುಕಿ 1908ರಲ್ಲಿ ಕಣ್ಮುಚ್ಚಿದನು. ಅದೇ ವರ್ಷ ವೃದ್ಧನ ಮೊಮ್ಮಕ್ಕಳು ನಡುಪಟ್ಟಿಯನ್ನು ಕ್ಲಬ್ಬಿಗೆ ಒಪ್ಪಿಸಿದರು. ನ್ಯಾಯವಾಗಿ ತಮ್ಮದಾದುದನ್ನು ಕೊಟ್ಟರೆಂಬುದೇ ಇಲ್ಲಿಯ ಹಿರಿಮೆ.

ಸಂಗ್ರಹವೆಂದರೆ ಬಚ್ಚಿಡುವುದಲ್ಲ. ಮನೆಯೊಳಗಿನ ಪಟ್ಟಿ ಒಂದು ಕುಟುಂಬದ ಹೆಮ್ಮೆ. ಹತ್ತು ಜನರ ಕಣ್ಣೆದುರಿನ ಪಟ್ಟಿ ಎಲ್ಲರ ನೆನಪು. ಪಡೆದುದನ್ನು ಸಮಾಜಕ್ಕೆ ಸಲ್ಲಿಸುವ ಭಾವಕ್ಕೆ ಶರಣರು ದಾಸೋಹವೆಂದರು. ನಮ್ಮ ಮನೆಗಳ ಅಟ್ಟದ ಮೇಲೆ ಹಿರಿಯರ ತಾಳೆಗರಿ, ಕಡತ, ಭಾವಚಿತ್ರಗಳು ಗೆದ್ದಲಿಗೆ ಆಹಾರವಾಗುತ್ತಿರಬಹುದು. ಸದ್ಭಕ್ತರು ಅವನ್ನು ಇಳಿಸಿ, ಧೂಳು ಒರೆಸಿ, ಯಾರದು, ಯಾವ ಕಾಲದ್ದು ಎಂದು ಬರೆದಿಡಲಿ. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಆ ಕೆಲಸವಾಗಲಿ.