ಹಿತ್ತಲ ದೀಪ, ಆಕಾಶದ ಉಂಗುರ

ಟಿ.ಬಿ. ಡ್ಯಾಂನ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಲ್ಬು ರಾತ್ರಿಯಿಡೀ ಉರಿಯುತ್ತಿತ್ತು. ಅಣೆಕಟ್ಟೆಯಲ್ಲಿ ರಾತ್ರಿ ಪಾಳಿ ಮುಗಿಸಿ ಅಪ್ಪ ಹಿಂಬಾಗಿಲಿನಿಂದಲೇ ಬರುತ್ತಿದ್ದರು. ಅವರು ತೀರಿಕೊಂಡು ವರ್ಷಗಳಾದರೂ ಅವ್ವ ಆ ದೀಪ ಆರಿಸಿರಲಿಲ್ಲ. ನನ್ನ ಹವ್ಯಾಸಕ್ಕೆ ಅದೇ ಅಡ್ಡಿ.

ಆರಂಗುಲದ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ, ಸಾಯುತ್ತಿರುವ ನಕ್ಷತ್ರಗಳ ಫೋಟೊ ತೆಗೆಯುವುದು ನನ್ನ ಹುಚ್ಚು. ಇವಕ್ಕೆ ‘ಗ್ರಹೀಯ ನೀಹಾರಿಕೆ’ ಎಂದು ಹೆಸರು. ಗ್ರಹಕ್ಕೂ ಇವಕ್ಕೂ ನಂಟಿಲ್ಲ. ಗ್ರಹದಂತೆ ದುಂಡಗೆ ಕಂಡವೆಂದು 18ನೇ ಶತಮಾನದಲ್ಲಿ ವಿಲಿಯಂ ಹರ್ಷೆಲ್ ಇಟ್ಟ ಹೆಸರು ಹಾಗೇ ಉಳಿದಿದೆ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಊದಿಕೊಂಡು ಹೊರಮೈಯ ಅನಿಲ ಕಳಚುತ್ತದೆ. ನಡುವೆ ಉಳಿದ ಬಿಸಿ ತಿರುಳಿನ ಅತಿನೇರಳೆ ಕಿರಣ ತಾಗಿ ಆ ಅನಿಲ ಹೊಳೆಯುತ್ತದೆ.

‘ಉಂಗುರ ನೀಹಾರಿಕೆ’ ಮಳೆಗಾಲದಲ್ಲಿ ನೆತ್ತಿಯ ಹತ್ತಿರ ಬರುತ್ತದೆ, ಆದರೆ ಆಗ ಮೋಡ. ನಾನು ಮಾರ್ಚ್ ತಿಂಗಳ ಬೆಳಗಿನ ಜಾವ ಅಭಿಜಿತ್ ನಕ್ಷತ್ರದ ಪಕ್ಕದಲ್ಲಿ ಹುಡುಕುತ್ತೇನೆ. ಕಣ್ಣಿಗೆ ಬೂದು ಚುಕ್ಕೆ. 20 ಸೆಕೆಂಡಿನ ನೂರಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರೆ ಹಸಿರು ಉಂಗುರ, ಕೆಂಪು ಅಂಚು. ಇಂಥ ಹಸಿರನ್ನು 1864ರಲ್ಲಿ ವಿಲಿಯಂ ಹಗಿನ್ಸ್ ಕಂಡಾಗ, ಇದ್ಯಾವುದೋ ಹೊಸ ಧಾತು ಎಂದು ವಿಜ್ಞಾನಿಗಳು ಭಾವಿಸಿದರು. ಅದು ನಾವು ಉಸಿರಾಡುವ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿದ.

ಹೊಸಪೇಟೆ ಕಡೆಯ ಆಕಾಶದ ಬೆಳಗನ್ನಂತೂ ನಾನು ಆರಿಸಲಾರೆ. ಹಿತ್ತಲಿನದನ್ನಾದರೂ?

“ಅವ್ವಾ, ಒಂದ್ ತಾಸು ಆರಿಸಲೇನು?”

“ಬ್ಯಾಡಪ್ಪ, ಇರ್ಲಿ ಬಿಡು.”

ಗೋಣಿಚೀಲದ ಪರದೆ ಕಟ್ಟಿ ಒಂದು ಚಿತ್ರ ತೆಗೆದೆ. ಮಬ್ಬು ಮಬ್ಬು. ಆದರೂ ಅವ್ವನಿಗೆ ತೋರಿಸಿದೆ.

“ಬಳಿ ಇದ್ದಂಗೈತಲ್ಲೋ!”

“ಸಾಯೋ ನಕ್ಷತ್ರ ಅವ್ವಾ. ಈ ಬೆಳಕು ಅಲ್ಲಿಂದ ಹೊಂಟು ಎರಡು ಸಾವಿರ ವರ್ಷಕ್ಕೂ ಮ್ಯಾಲಾತು.”

“ಮುಂದ ಏನಾಗ್ತೈತಿ?”

“ಹಬ್ಬತಾ ಹೋಗಿ ಮಸುಕಾಗ್ತೈತಿ. ಆದ್ರ ಅದು ಬಿಟ್ಟಿದ್ದು ಮುಂದ ಹುಟ್ಟೋ ನಕ್ಷತ್ರಗಳಿಗೆ ಸೇರ್ತೈತಿ.”

ಅವ್ವ ಬರಿಗೈ ಸವರಿಕೊಳ್ಳುತ್ತ ಬಹಳ ಹೊತ್ತು ನೋಡಿದಳು. ಏನೂ ಹೇಳಲಿಲ್ಲ.

ಮರುದಿನ ಬೆಳಗಿನ ಜಾವ ಎದ್ದು ಬಂದರೆ ಹಿತ್ತಲು ಕತ್ತಲು. ಅವ್ವ ಬಾಗಿಲಲ್ಲಿ ಕುಂತಿದ್ದಳು.

“ಮುಗಿದ ಮ್ಯಾಲ ಹಾಕು. ಮರೀಬ್ಯಾಡ.”

ಆ ದಿನದ ಚಿತ್ರದಲ್ಲಿ ಉಂಗುರದ ನಡುವಿನ ಪುಟ್ಟ ನಕ್ಷತ್ರವೂ ಮೂಡಿತು. ಚಿತ್ರ ಮುಗಿಯುವಷ್ಟರಲ್ಲಿ ಮೂಡಣ ಕೆಂಪಾಗಿತ್ತು. ದೀಪ ಬೇಕಿರಲಿಲ್ಲ. ಆದರೂ ಸ್ವಿಚ್ಚು ಒತ್ತಿಯೇ ಒಳಗೆ ಹೋದೆ.