ಆಯಿ ಹೋಗಿ ಬಂದ ದಾರಿ

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ರಾತ್ರಿ, ಅಮ್ಮಿನಬಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಲಗಿದ್ದ ನನ್ನನ್ನು ನಾನೇ ಮೇಲಿನಿಂದ ನೋಡಿದೆ.

ಇದನ್ನು ಯಾರಿಗಾದರೂ ಹೇಳಲು ನಾನು ಇಷ್ಟು ದಿನ ಹಿಂಜರಿದಿದ್ದೇನೆ. ಸಂಶೋಧನಾ ವಿದ್ಯಾರ್ಥಿ ಎಂದು ಕರೆಸಿಕೊಳ್ಳುವವನು ಇಂಥ ಮಾತು ಆಡಿದರೆ ಹಾಸ್ಟೆಲಿನ ಗೆಳೆಯರು ಮೊದಲು ನಗುತ್ತಾರೆ, ಆಮೇಲೆ ಊಟ ಮಾಡಿದೆಯಾ ಎಂದು ಕೇಳುತ್ತಾರೆ. ಆ ದಿನ ನಿಜಕ್ಕೂ ಸರಿಯಾಗಿ ಊಟ ಮಾಡಿರಲಿಲ್ಲ. ಪ್ರಬಂಧದ ಒಂದು ಅಧ್ಯಾಯ ಒಪ್ಪಿಸಲು ಎರಡು ರಾತ್ರಿ ನಿದ್ದೆಗೆಟ್ಟು, ಮೂರನೆಯ ದಿನ ಸಂಜೆ ಧಾರವಾಡದಿಂದ ಸವದತ್ತಿ ರಸ್ತೆಯ ಬಸ್ಸು ಹಿಡಿದು ಊರಿಗೆ ಬಂದಿದ್ದೆ. ಸುಗ್ಗಿ ಮುಗಿದು, ಎರೆಹೊಲಗಳು ಬಿರುಕು ಬಿಡತೊಡಗಿದ್ದವು. ಆಯಿಯ ಪಕ್ಕದಲ್ಲಿ ಕೌದಿ ಹಾಸಿಕೊಂಡು ಮಲಗಿದವನಿಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ.

ಬೆಳಗಿನ ಜಾವ ಇರಬೇಕು. ಎಚ್ಚರವಾಯಿತು, ಆದರೆ ಕೈಕಾಲು ಅಲುಗಲಿಲ್ಲ. ಎದೆಯ ಮೇಲೆ ಜೋಳದ ಚೀಲ ಇಟ್ಟ ಹಾಗೆ ಭಾರ. ಕಿವಿಯಲ್ಲಿ ದೂರದ ಪಂಪ್‌ಸೆಟ್ಟಿನಂಥ ಗುಂಯ್ ಸದ್ದು. ಆಮೇಲೆ ಜೋಕಾಲಿ ಮೇಲೇರುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಹಾಗೆ ಆಗಿ, ನಾನು ಜಂತಿಯ ಹತ್ತಿರ ಇದ್ದೆ. ಕೆಳಗೆ ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಪಕ್ಕ ಬಾಯಿ ತೆರೆದುಕೊಂಡು ಒಬ್ಬ ಹುಡುಗ ಮಲಗಿದ್ದ. ಅವನ ಬಲಗಾಲು ಕೌದಿಯ ಹೊರಗಿತ್ತು. ತಲೆಯ ಬಲಕ್ಕೆ ನೀರಿನ ತಂಬಿಗೆ. ಹೆದರಿಕೆ ಆಗಲಿಲ್ಲ. ಆ ಕಾಲಿನ ಮೇಲೆ ಕೌದಿ ಎಳೆಯಬೇಕು ಅನ್ನಿಸಿತು, ಅಷ್ಟೇ. ಅಷ್ಟರಲ್ಲಿ ಆಯಿ ಕೆಮ್ಮಿದಳು. ಧಪ್ಪನೆ ನಾನು ನನ್ನೊಳಗೆ ಇದ್ದೆ.

ಬೆಳಿಗ್ಗೆ ಚಹಾ ಕುಡಿಯುತ್ತ ಆಯಿಗೆ ಹೇಳಿದೆ. ಅವಳು ನಗಲಿಲ್ಲ. ಬಟ್ಟಲು ಕೆಳಗಿಟ್ಟು, "ನೀನೂ ಹೋಗಿ ಬಂದ್ಯಾ ತಮ್ಮಾ?" ಅಂದಳು.

ಆ 'ನೀನೂ' ಎಂಬುದರ ಹಿಂದೆ ನಮ್ಮ ಮನೆಯ ಒಂದು ಹಳೆಯ ಕಥೆ ಇದೆ. ಚಿಕ್ಕವನಿದ್ದಾಗ ನಾನು ಅದನ್ನು ಗುಬ್ಬಿ–ಕಾಗೆಯ ಕಥೆಯಂತೆ ಕೇಳಿ ನಿದ್ದೆ ಹೋಗುತ್ತಿದ್ದೆ. ಆ ದಿನ ಮೊದಲ ಸಲ ಕಿವಿಗೊಟ್ಟು ಕೇಳಿದೆ.

"ನಿಮ್ಮ ಅತ್ತಿ ಹುಟ್ಟಿದಾಗ ನನ್ನ ಮೈಯಾಗಿನ ರಕ್ತ ಎಲ್ಲಾ ಹೋತು. ಸೂಲಗಿತ್ತಿ ನಾಡಿ ಹಿಡದು ಇಲ್ಲ ಅಂದ್ಳಂತ. ಇಬ್ಬರು ಬಂದ್ರು ನೋಡು, ಕರೀ ಮನಷ್ಯಾರು. ಏನೂ ಮಾತಾಡಲಿಲ್ಲ, ನಡಸ್ಕೊಂತ ಹೋದ್ರು. ಅಲ್ಲೊಬ್ಬಾವ ದಫ್ತರ ತಗದು ಕುಂತಿದ್ದ, ಚಾವಡಿಯಾಗ ತಲಾಟಿ ಕುಂತಂಗ. ನನ್ನ ಮಾರಿ ನೋಡಿದ, ದಫ್ತರ ನೋಡಿದ. 'ಹೆಸರು ಬರೋಬ್ಬರಿ ಐತಿ, ಈಕಿ ಅಲ್ಲ. ಒಯ್ದು ಬಿಟ್ಟು ಬರ್ರಿ' ಅಂದ. ಕಣ್ಣು ತಗದ್ರ ಎಲ್ಲಾರೂ ಅಳಾಕತ್ತಿದ್ರು."

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಅದೇ ದಿನ ಕೆಳಗಿನ ಓಣಿಯಲ್ಲಿ ಆಯಿಯ ಹೆಸರಿನದೇ ಇನ್ನೊಬ್ಬ ಹೆಂಗಸು ತೀರಿಕೊಂಡಳು. ಅವಳಿಗೆ ಎರಡು ವರ್ಷದ ಒಂದು ಹೆಣ್ಣುಮಗು ಇತ್ತು.

ಅಂದಿನಿಂದ ಆಯಿಯ ಮೇಲೆ ಒಂದು ಸಾಲ ಕೂತಿತು. ಪಂಚಮಿಗೆ ಕಟ್ಟಿದ ಉಂಡಿಯಲ್ಲಿ ಮೊದಲ ಡಬ್ಬಿ ಆ ಮನೆಗೆ. ಹೊಲದಲ್ಲಿ ಮೊದಲು ಬಂದ ಹಸಿಗಡಲೆ ಆ ಮನೆಗೆ. ಆ ಮಗು ದೊಡ್ಡವಳಾಗಿ ಮದುವೆಯಾದಾಗ ಸೀರೆ ಕುಬುಸ ಇವಳದು; ಮೊದಲ ಬಾಣಂತನಕ್ಕೆ ರಾತ್ರಿ ಕೂತವಳೂ ಇವಳೇ. ನಮ್ಮ ಮನೆಯಲ್ಲಿ ಇದಕ್ಕೆ 'ಆಯಿಯ ಹುಚ್ಚು' ಎಂದು ಹೆಸರು. ಅವಳು ಮಾತ್ರ ಒಂದೇ ಮಾತು ಹೇಳುತ್ತಿದ್ದಳು: "ಆಕಿ ಪಾಲಿನ ಅನ್ನ ನಾ ಉಣ್ಣಾಕತ್ತೇನಿ."

ಹಾಸ್ಟೆಲಿಗೆ ಮರಳಿದ ಮೇಲೆ ನನ್ನ ಪ್ರಬಂಧ ಪಕ್ಕಕ್ಕೆ ಸರಿಯಿತು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ನಾನು ಓದುತ್ತಿರುವುದು ವಚನಗಳಲ್ಲಿ ದೇಹದ ಕಲ್ಪನೆಯನ್ನು. ಅಂಗ, ಪ್ರಾಣ, ಬಯಲು ಎಂಬ ಮಾತುಗಳನ್ನು ದಿನವೂ ಬರೆಯುವವನಿಗೆ ತನ್ನ ಅಂಗವೇ ಹತ್ತು ಸೆಕೆಂಡು ಕೈಬಿಟ್ಟರೆ ಹೇಗೆ ಸುಮ್ಮನಿರುವುದು? ಸಿಕ್ಕಿದ್ದನ್ನೆಲ್ಲ ಓದಿದೆ.

ಮೊದಲು ನನ್ನ ಅನುಭವದ ವಿಷಯ. ಕನಸು ಹೆಚ್ಚಾಗಿ ಬೀಳುವ ನಿದ್ದೆಯ ಹಂತದಲ್ಲಿ, ನಾವು ಕನಸಿನ ಓಟವನ್ನು ನಿಜವಾಗಿ ಓಡದಿರಲೆಂದು, ಮೆದುಳು ಸ್ನಾಯುಗಳನ್ನು ಕಟ್ಟಿಹಾಕಿರುತ್ತದೆ. ನಿದ್ದೆಗೆಟ್ಟವರಲ್ಲಿ ಒಮ್ಮೊಮ್ಮೆ ಅರಿವು ಮೊದಲು ಎದ್ದು, ಕಟ್ಟು ಆಮೇಲೆ ಬಿಚ್ಚುತ್ತದೆ. ನಮ್ಮ ಕಡೆ 'ದೆವ್ವ ಎದೆ ಮೇಲೆ ಕೂತಿತ್ತು' ಎನ್ನುವುದು ಬಹಳ ಸಲ ಇದನ್ನೇ. ಇನ್ನು ತೇಲುವುದು. 2002ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಓಲಾಫ್ ಬ್ಲಾಂಕೆ ಮತ್ತು ಸಂಗಡಿಗರು ಮೂರ್ಛೆರೋಗದ ಒಬ್ಬ ಮಹಿಳೆಯ ಮೆದುಳಿನ ಬಲಭಾಗದಲ್ಲಿ, ಕಿವಿಯ ಮೇಲಕ್ಕೆ ತುಸು ಹಿಂದೆ ಬರುವ ಒಂದು ಜಾಗಕ್ಕೆ, ಚಿಕಿತ್ಸೆಯ ತಯಾರಿಯ ಭಾಗವಾಗಿ ಸಣ್ಣ ವಿದ್ಯುತ್ ಹರಿಸಿದರು. ಕಡಿಮೆ ಹರಿಸಿದಾಗ ಆಕೆಗೆ ಹಾಸಿಗೆಯೊಳಗೆ ಕುಸಿದಂತಾಯಿತು. ಹೆಚ್ಚಿಸಿದಾಗ ತಾನು ಮಲಗಿರುವುದನ್ನು ಮೇಲಿನಿಂದ ಕಂಡಳು, ಅದೂ ಕಾಲು ಮತ್ತು ಸೊಂಟದ ಭಾಗ ಮಾತ್ರ. ಕಣ್ಣು ಕಂಡದ್ದು, ಚರ್ಮಕ್ಕೆ ತಾಗಿದ್ದು, ಒಳಗಿವಿ ಹೇಳುವ ಸಮತೋಲದ ಲೆಕ್ಕ – ಇವೆಲ್ಲ ಅಲ್ಲಿ ಕೂಡಿದಾಗ 'ನಾನು ಇಲ್ಲಿದ್ದೇನೆ' ಎಂಬ ಭಾವ ಹುಟ್ಟುತ್ತದೆ. ಲೆಕ್ಕ ತಪ್ಪಿದರೆ 'ಇಲ್ಲಿ' ಎಂಬುದು ಜಂತಿಗೆ ಹೋಗುತ್ತದೆ. 2007ರಲ್ಲಿ ಬ್ಲಾಂಕೆಯವರ ತಂಡವೂ ಹೆನ್ರಿಕ್ ಎಹ್ರ್‌ಸನ್ ಅವರೂ ಬೇರೆಬೇರೆಯಾಗಿ, ಆರೋಗ್ಯವಂತರ ಬೆನ್ನ ಹಿಂದೆ ಕ್ಯಾಮೆರಾ ಇಟ್ಟು, ಆ ಚಿತ್ರವನ್ನು ಅವರ ಕಣ್ಣಿಗೇ ಕಟ್ಟಿ, ಇದರ ಹತ್ತಿರದ ಭ್ರಮೆಯನ್ನು ಪ್ರಯೋಗಶಾಲೆಯಲ್ಲೇ ಹುಟ್ಟಿಸಿ ತೋರಿಸಿದರು.

ಹಾಗಾದರೆ ನಾನು ನಿಜವಾಗಿ ಏನನ್ನಾದರೂ ನೋಡಿದೆನೇ? ಇದಕ್ಕೆ ಉತ್ತರ ಕೊಟ್ಟದ್ದು ತಂಬಿಗೆ. ಚಿಕ್ಕಂದಿನಿಂದ ಅದು ನನ್ನ ತಲೆಯ ಬಲಕ್ಕೇ ಇರುವುದು. ಆ ರಾತ್ರಿ ಬೆಕ್ಕು ಉರುಳಿಸೀತೆಂದು ಆಯಿ ಅದನ್ನು ತನ್ನ ಆಚೆ, ಗೋಡೆಯ ಮಗ್ಗುಲಿಗೆ ಸರಿಸಿದ್ದಳು. ಎದ್ದಾಗ ಅಲ್ಲೇ ಇತ್ತು. ಅಂದರೆ ನಾನು ಕಂಡದ್ದು ಪಡಸಾಲೆಯನ್ನಲ್ಲ, ನನ್ನ ನೆನಪಿನಲ್ಲಿದ್ದ ಪಡಸಾಲೆಯನ್ನು. ಸೂಸನ್ ಬ್ಲ್ಯಾಕ್‌ಮೋರ್ ಎಂಬ ಮನಶ್ಶಾಸ್ತ್ರಜ್ಞೆಗೂ ಹೀಗೇ ಆಗಿತ್ತಂತೆ. 1970ರಲ್ಲಿ ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿನಿಯಾಗಿದ್ದಾಗ ಮನೆಗಳ ಸೂರುಗಳ ಮೇಲೆ ತೇಲಿ ಹೋದಂತೆ ಅನುಭವವಾಯಿತು; ಮರುದಿನ ನೋಡಿದರೆ ಕಂಡಿದ್ದ ಸೂರುಗಳಿಗೂ ಇರುವವಕ್ಕೂ ತಾಳೆಯಾಗಲಿಲ್ಲ. ಆ ಒಂದು ರಾತ್ರಿಯನ್ನು ಅರಿಯಲು ಅವರು ದಶಕಗಳನ್ನೇ ಕೊಟ್ಟರು. ಸ್ಯಾಮ್ ಪರ್ನಿಯಾ ನೇತೃತ್ವದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ಆಸ್ಪತ್ರೆಗಳನ್ನು ಸೇರಿಸಿಕೊಂಡು, ಮೇಲಿನಿಂದ ನೋಡಿದರೆ ಮಾತ್ರ ಕಾಣುವಂತೆ ಹಲಗೆಗಳ ಮೇಲೆ ಚಿತ್ರಗಳನ್ನು ಇಟ್ಟಿದ್ದರು. ಹೃದಯ ನಿಂತ 2060 ಪ್ರಕರಣಗಳಲ್ಲಿ ಬದುಕುಳಿದು ಮಾತಾಡಲು ಸಿಕ್ಕವರು 140 ಮಂದಿ. ಸುತ್ತಲಿನದನ್ನು ಕಂಡು ಕೇಳಿದ ಸ್ಪಷ್ಟ ನೆನಪಿದ್ದವರು ಇಬ್ಬರು. ಚಿತ್ರವನ್ನು ಹೇಳಿದವರು ಯಾರೂ ಇಲ್ಲ.

ಓದುತ್ತ ಹೋದಂತೆ ಒಂದು ದಿನ ಆಯಿಯೇ ಎದುರಾದಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಮನಶ್ಶಾಸ್ತ್ರಜ್ಞೆ ಸತ್ವಂತ್ ಪಸ್ರಿಚಾ, ಅಮೆರಿಕದ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ 1986ರಲ್ಲಿ ಒಂದು ಲೇಖನ ಪ್ರಕಟಿಸಿದ್ದರು: ಸತ್ತು ಬದುಕಿದೆವೆಂದ 16 ಭಾರತೀಯರ ಮಾತು. ಮುಂದೆ ಅವರು ಚನ್ನಪಟ್ಟಣದ ಕಡೆಯ ಹಳ್ಳಿಗಳಲ್ಲೂ ಇಂಥ ಅನುಭವಗಳನ್ನು ಹುಡುಕಿದರು. ಅಮೆರಿಕದವರು ತಮ್ಮ ದೇಹವನ್ನು ಮೇಲಿನಿಂದ ಕಂಡೆವು ಎನ್ನುತ್ತಿದ್ದರೆ, ಈ 16 ಮಂದಿಯಲ್ಲಿ ಅದು ಇರಲಿಲ್ಲ. ಇವರನ್ನು ದೂತರು ಒಯ್ದಿದ್ದರು. ಪುಸ್ತಕ ಹಿಡಿದವನೊಬ್ಬ ಪರಿಶೀಲಿಸಿದ್ದ. ತಪ್ಪಾಗಿ ತಂದಿದ್ದೀರಿ ಎಂದು ಹಿಂದೆ ಕಳಿಸಿದ್ದ. ಅದೇ ಹೆಸರಿನ ಇನ್ನೊಬ್ಬರು ಅದೇ ಹೊತ್ತಿಗೆ ತೀರಿಕೊಂಡರೆಂದು ಹೇಳಿದವರೂ ಅವರಲ್ಲಿದ್ದರು.

ಗ್ರಂಥಾಲಯದಲ್ಲಿ ಕೂತು ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯದೇ ಎಂದುಕೊಂಡಿದ್ದ ಕಥೆ ನಮ್ಮ ಮನೆಯದಷ್ಟೇ ಆಗಿರಲಿಲ್ಲ. ಸಾವಿನ ಅಂಚಿನಲ್ಲಿ ಮೆದುಳು ಕೈಗೆ ಸಿಕ್ಕ ಸರಕಿನಿಂದಲೇ ದಾರಿ ಕಟ್ಟುತ್ತದೆ ಅನ್ನಿಸಿತು. ಆಯಿಗೆ ಸಿಕ್ಕದ್ದು ಚಾವಡಿ, ದಫ್ತರ, ಪುರಾಣದ ಯಮದೂತರು. ನನಗೆ ಸಿಕ್ಕದ್ದು ಜಂತಿಯಿಂದ ನೋಡುವ ಕಣ್ಣು. ಆ ನೋಟವನ್ನು ನಾನು ಎಷ್ಟು ಸಿನಿಮಾಗಳಲ್ಲಿ ಮೊದಲೇ ನೋಡಿರಲಿಲ್ಲ!

ಒಂದು ಖುಷಿಯೂ ಆಯಿತು. ಇದು ಕನಸಿನ ಜಾತಿಯದಾದರೆ ಆಯಿಯ ಮೇಲೆ ಸಾಲವೇ ಇಲ್ಲವಲ್ಲ! ಐವತ್ತು ವರ್ಷ ಹೊತ್ತ ಭಾರವನ್ನು ನಾನು ಇಳಿಸುತ್ತೇನೆ ಎಂದುಕೊಂಡು ಆ ಶನಿವಾರವೇ ಊರಿಗೆ ಹೋದೆ.

ಎಲ್ಲವನ್ನೂ ಅವಳ ಭಾಷೆಯಲ್ಲಿ ಬಿಡಿಸಿ ಹೇಳಿದೆ. ಕೊನೆಗೆ ಕೇಳಿದೆ, "ಆಯಿ, ಆಕಿ ಸತ್ತದ್ದು ನಿನಗ ಗೊತ್ತಾದದ್ದು ಕಣ್ಣು ತಗದ ಮ್ಯಾಲೋ, ಮೊದಲೋ?"

ಬಹಳ ಹೊತ್ತು ಯೋಚಿಸಿ, "ಅಳೂ ದನಿ ಕೇಳಿತ್ತು. ನಮ್ಮ ಮನ್ಯಾಗೋ, ಕೆಳಗಿನ ಓಣ್ಯಾಗೋ ನೆನಪಿಲ್ಲ" ಅಂದಳು.

"ನೋಡು, ಕೆಳಗಿನ ಓಣಿಯವರು ಆಕಿ ಹೆಸರು ಹಿಡದು ಅತ್ತದ್ದು ನಿನ್ನ ಕಿವಿಗೆ ಬಿದ್ದಿರಬೇಕು. ಅದು ನಿನ್ನ ಹೆಸರೂ ಹೌದು. ಅದರಿಂದ ಕನಸು ಕಟ್ಟೇತಿ. ನಿನ್ನ ಬದಲಿ ಯಾರನ್ನೂ ಒಯ್ದಿಲ್ಲ."

ಆಯಿಯ ಮುಖ ಹಗುರಾಗುತ್ತದೆ ಎಂದು ಕಾದೆ. ಅವಳು ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ನೀ ಓದಿದಾವ, ಖರೇನ ಇರಬೇಕು. ಹಂಗಂತ ಆ ಹುಡುಗಿಗೆ ಅವ್ವ ಇದ್ದಳೇನು? ದಫ್ತರದಾವ ಸುಳ್ಳಾದ್ರ ಆಗಲಿ ಬಿಡು. ನಾ ಹೋಗಿ ಬಂದೇನಿ ಅಂತ ಆ ಮನಿ ಬಾಗಲಾ ನೋಡಿದ್ನಿ. ಇಲ್ಲಾಂದ್ರ ನೋಡ್ತಿರಲಿಲ್ಲ."

ನನ್ನ ಬಳಿ ಮಾತಿರಲಿಲ್ಲ. ಅವಳು ಮತ್ತೆ ಮೊರ ಎತ್ತಿಕೊಂಡು ಕಡಲೆ ಹಸನು ಮಾಡತೊಡಗಿದಳು. ನಾನು ಇಳಿಸಲು ಹೋದದ್ದು ಅವಳು ಹೊತ್ತ ಭಾರವನ್ನಲ್ಲ, ಅವಳು ಕಟ್ಟಿಕೊಂಡ ಒಂದು ಸಂಬಂಧವನ್ನು ಎಂದು ತಡವಾಗಿ ಹೊಳೆಯಿತು.

ಈಗಲೂ ನಾನು ವಿಜ್ಞಾನದ ಕಡೆಯವನೇ. ತಂಬಿಗೆ ಎಡಕ್ಕಿತ್ತು, ನಾನು ಬಲಕ್ಕೆ ಕಂಡೆ, ಅದನ್ನು ಮರೆಯಲಾರೆ. ಆದರೆ 'ನಾನು ಎಲ್ಲಿದ್ದೇನೆ' ಎಂಬ ಭಾವ ಮೆದುಳಿನಲ್ಲಿ ಹೇಗೆ ಕೂಡುತ್ತದೆಂದು ತಿಳಿದರೂ, ಆ ಭಾವವನ್ನು ಅನುಭವಿಸುವ ಅರಿವು ಯಾಕಾದರೂ ಇದೆ ಎಂಬ ಪ್ರಶ್ನೆ ಉಳಿಯುತ್ತದೆ. ತತ್ವಜ್ಞಾನಿ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನೇ ಪ್ರಜ್ಞೆಯ ಕಠಿಣ ಸಮಸ್ಯೆ ಎಂದು ಕರೆದರು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಗೋರಕ್ಷ ಕತ್ತಿ ಬೀಸಿದಾಗ ಅದು ಅಲ್ಲಮನ ಮೈಯಲ್ಲಿ ಬಯಲಿನಲ್ಲಿ ಆಡಿದಂತೆ ಆಡಿ ಬರುತ್ತದೆ. ಗೋರಕ್ಷನ ಗಟ್ಟಿ ಮೈಗೆ ತಾಗಿದಾಗ ಮಾತ್ರ ಖಣಿಲೆನ್ನುತ್ತದೆ. ಅದನ್ನು ನಾನು ಎಷ್ಟೋ ಸಲ ದೇಹವನ್ನು ದಾಟುವ ಕಥೆಯೆಂದು ಬರೆದಿದ್ದೆ. ಈಗ ಬೇರೆ ಥರ ಓದುತ್ತೇನೆ. ಅಲ್ಲಮ ದೇಹ ಬಿಟ್ಟು ಎಲ್ಲಿಗೂ ಹೋಗಿಲ್ಲ, ಅಲ್ಲೇ ನಿಂತಿದ್ದಾನೆ. 'ನಾನು' ಎಂದು ಗಟ್ಟಿಯಾಗಿ ಹಿಡಿದದ್ದನ್ನು ಬಿಟ್ಟಿದ್ದಾನೆ, ಅಷ್ಟೇ. ಮೈಯಿಂದ ಹೊರಗೆ ಬರುವುದಕ್ಕಿಂತ ನಮ್ಮಿಂದ ಹೊರಗೆ ಬರುವುದು ಕಷ್ಟ.

ಕಳೆದ ಶ್ರಾವಣದಲ್ಲಿ ಆಯಿ ತೀರಿಕೊಂಡಳು. ಈ ಸಲ ಯಾರೂ ಹಿಂದೆ ಕಳಿಸಲಿಲ್ಲ. ಮಣ್ಣಿಗೆ ಬಂದವರಲ್ಲಿ ಕೆಳಗಿನ ಓಣಿಯ ಆ ಮಗಳೂ ಇದ್ದಳು. ಅವಳಿಗೆ ಈಗ ಮೊಮ್ಮಕ್ಕಳಿದ್ದಾರೆ. ಆಯಿಯ ಕಾಲ ಬಳಿ ಕೂತು, ನಮ್ಮ ಅತ್ತೆಗಿಂತ ಜೋರಾಗಿ 'ಯವ್ವಾ' ಎಂದು ಅತ್ತಳು. ಅಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಈ ವರ್ಷ ಪಂಚಮಿಗೆ ಅವ್ವ ಉಂಡಿ ಕಟ್ಟುತ್ತಿದ್ದಾಗ ಯಾರೂ ಏನೂ ಹೇಳಲಿಲ್ಲ. ಮೊದಲ ಡಬ್ಬಿ ತುಂಬಿ ನನ್ನ ಕೈಗೆ ಕೊಟ್ಟಳು. ತೆಗೆದುಕೊಂಡು ಕೆಳಗಿನ ಓಣಿಗೆ ನಡೆದೆ.